ಐದು ದಿನದ ಮಾತ್ರೆ ಒಂದೇ ಗುಟುಕಿಗೆ

ಗೋಡೆಗೆ ಬಣ್ಣ ಬಳಿಯುವುದರಲ್ಲಿ ನಮ್ಮೂರ ಪೇಂಟರನನ್ನು ಮೀರಿಸುವವರು ಮೂರು ಲೋಕದಲ್ಲೂ ಇರಲಿಲ್ಲ. ಮಾತ್ರೆ ಮರೆಯುವುದರಲ್ಲೂ ಅಷ್ಟೇ. ಶಾಲೆಯ ಗೋಡೆ ಮುಗಿಸುವ ಭರದಲ್ಲಿ ನಾಲ್ಕು ದಿನ ಬಿ.ಪಿ. ಮಾತ್ರೆ ಮುಟ್ಟಿರಲಿಲ್ಲ. ಐದನೆಯ ದಿನ ಬೆಳಿಗ್ಗೆ ನೆನಪಾಯಿತು. ಉಳಿದ ಕೆಲಸವನ್ನೆಲ್ಲ ಒಂದೇ ದಿನ ಮುಗಿಸಿ ಅಭ್ಯಾಸ. ಐದನ್ನೂ ಒಟ್ಟಿಗೇ ನುಂಗಿ ನೀರು ಕುಡಿದ.

ಮಾತ್ರೆಯ ಖಾಲಿ ಪಟ್ಟಿ ಕಂಡ ಹೆಂಡತಿ ಏಳು ಬೀದಿಗೆ ಕೇಳುವಂತೆ ಕೂಗಿದಳು. ಪಟ್ಟಿಯನ್ನೂ ಗಂಡನನ್ನೂ ಒಂದೊಂದು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಎಳೆತಂದಳು.

ಸಿಸ್ಟರ್ ಎದೆಗೆ ತಂತಿ ಅಂಟಿಸಿ ಇ.ಸಿ.ಜಿ. ತೆಗೆದರು. ಪೇಂಟರ್ ಕಾಗದ ನೋಡಿ ಮೂಗು ಮುರಿದ.

"ನಿಮ್ಮ ಮಿಷಿನ್‌ಗೆ ನೆಟ್ಟಗೆ ಒಂದು ಗೆರೆ ಎಳೆಯೋಕೆ ಬರಲ್ವಾ?"

"ನೆಟ್ಟಗೆ ಬಂದ್ರೆ ಕಥೆ ಮುಗೀತು ಅಂತ ಅರ್ಥ ಅಣ್ಣ! ಸದ್ಯಕ್ಕೆ ಚೆನ್ನಾಗೇ ಇದೆ."

"ಹಾಗಾದ್ರೆ ಬಿಡಿ, ಹೊರಟೆ. ಗೋಡೆ ಅರ್ಧಕ್ಕೇ ನಿಂತಿದೆ."

"ಇದು ನಿಧಾನಕ್ಕೆ ಕರಗೋ ಮಾತ್ರೆ. ಎಷ್ಟೋ ಗಂಟೆ ಆದ್ಮೇಲೂ ನಾಡಿ ಇಳಿಬಹುದು, ಬಿ.ಪಿ. ಕುಸಿಬಹುದು. ಇ.ಸಿ.ಜಿ. ಮತ್ತೆ ಮತ್ತೆ ತೆಗೀಬೇಕು. ನಾಳೆವರೆಗೆ ಮಾನಿಟರ್ ಹತ್ರ ಮಲಗಿರಿ."

"ನನ್ನ ಎದೆ ಬಂಡೆ ಕಣಮ್ಮಾ! ಬಂಡೆಗೆ ಯಾರಾದ್ರೂ ಕಾವಲು ಕೂರ್ತಾರಾ?"

ಹೆಂಡತಿ ತಡೆಯಲಾರದೆ ಬಾಯಿ ಹಾಕಿದಳು. "ಹೊಸ ಗೋಡೆ ಮೇಲೆ ಒಣಗಿದ ಹಾಗೆ ಕಂಡ್ರೂ ಒಳಗೆ ತೇವ ಇರುತ್ತೆ, ಕಾಯಿರಿ ಅಂತ ಊರಿಗೆಲ್ಲ ಪಾಠ ಹೇಳೋರು ಯಾರು? ನಿಮ್ಮ ಎದೆ ಗೋಡೆಗಿಂತ ಕಡೆನಾ?"

ಊರನ್ನೇ ಮಾತಲ್ಲಿ ಸೋಲಿಸಿದವನು ಹೆಂಡತಿಗೆ ಸೋತ. ಚಪ್ಪಲಿ ಬಿಟ್ಟು ಮಲಗಿದ.

ಮಧ್ಯಾಹ್ನ ಮಾನಿಟರ್ ಕೂಗಿಕೊಂಡಿತು. ಎಪ್ಪತ್ತಿದ್ದ ನಾಡಿ ಮೂವತ್ತೆಂಟಕ್ಕೆ ಇಳಿದಿತ್ತು; ಈ ಅಂಕಿಗೆ ಯಾರೂ ಬಣ್ಣ ಕಟ್ಟಿಲ್ಲ. ಮೈಯೆಲ್ಲ ಬೆವರು, ಕಣ್ಣಿಗೆ ಕತ್ತಲೆ. ಹೋಗಿದ್ದರೆ ಆ ಹೊತ್ತಿಗೆ ಅವನು ಏಣಿಯ ತುದಿಯಲ್ಲಿರುತ್ತಿದ್ದ. ಡಾಕ್ಟರು ಓಡಿ ಬಂದರು. ಇಂಜೆಕ್ಷನ್, ಡ್ರಿಪ್ ಎಲ್ಲ ಕೈಗೆ ಸಿಗುವಂತಿತ್ತು. ಸಂಜೆಗೆ ನಾಡಿ ದಾರಿಗೆ ಬಂತು.

ಮರುದಿನ ಎಕೋ ಸ್ಕ್ಯಾನಿಂಗ್. ಪರದೆಯ ಮೇಲೆ ತನ್ನದೇ ಹೃದಯ ಮಿಡಿಯುವುದನ್ನು ಪೇಂಟರ್ ಕಣ್ಣು ಮಿಟುಕಿಸದೆ ನೋಡಿದ.

"ಇ.ಸಿ.ಜಿ.ಯಲ್ಲಿ ಹೃದಯದ ಲಯ ಗೊತ್ತಾಗುತ್ತೆ. ರಕ್ತ ಸರಿಯಾಗಿ ಪಂಪ್ ಆಗ್ತಿದೆಯಾ ಅಂತ ಇದರಲ್ಲಿ ಕಾಣುತ್ತೆ," ಎಂದರು ಸಿಸ್ಟರ್.

"ಐವತ್ತು ವರ್ಷದಿಂದ ಒಂದು ದಿನನೂ ರಜಾ ಹಾಕಿಲ್ಲ ಪಾಪ," ಎಂದ ಅವನು, ಮೊದಲ ಸಲ ಮೆಲ್ಲಗೆ.

ನೀವೂ ಕೇಳಿ. ತಪ್ಪಿಹೋದ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ. ಯಾವ ಕಾರಣಕ್ಕೇ ಆಗಲಿ, ಮನೆಯಲ್ಲಿ ಯಾರಾದರೂ ಹೆಚ್ಚು ಮಾತ್ರೆ ತೆಗೆದುಕೊಂಡಿದ್ದರೆ ಬೈಯುತ್ತ ಕೂರಬೇಡಿ, ವಾಂತಿ ಮಾಡಿಸಬೇಡಿ. ಖಾಲಿ ಪಟ್ಟಿ ಸಮೇತ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲ ಇ.ಸಿ.ಜಿ. ಹೇಳುವುದು ಆ ಗಳಿಗೆಯ ಮಾತನ್ನಷ್ಟೇ. ಡಾಕ್ಟರು "ಇನ್ನು ಹೋಗಬಹುದು" ಎನ್ನುವವರೆಗೆ ಹಾಸಿಗೆ ಬಿಟ್ಟು ಏಳಬೇಡಿ.