ಬಾನೆಟ್ ಕೆಳಗಿನ ಸಂಸಾರ

ಗ್ಯಾರೇಜಿನ ಬೀದಿಯಲ್ಲಿ ಅವನಿಗೆ ಸಿಡಿಗುಂಡು ಎಂದೇ ಹೆಸರು. ಎದುರಿಗಲ್ಲ, ಬೆನ್ನ ಹಿಂದೆ. ಸ್ಪ್ಯಾನರ್ ಜಾರಿದರೆ ಸ್ಪ್ಯಾನರಿಗೆ ಬೈಗುಳ, ನಟ್ಟು ಸಡಿಲವಾಗದಿದ್ದರೆ ನಟ್ಟಿನ ವಂಶಕ್ಕೇ ಬೈಗುಳ. ಅವನು ಕಾರಿನ ಬಾಗಿಲು ಹಾಕಿದರೆ ಬೀದಿಯ ಆ ತುದಿಗೂ ಕೇಳಬೇಕು. ಶಾಲೆಯನ್ನು ಅರ್ಧಕ್ಕೇ ಬಿಟ್ಟು ಬಂದ ಸಿಟ್ಟು ಇನ್ನೂ ಮೂಗಿನ ತುದಿಯಲ್ಲೇ ಕೂತಿತ್ತು. ಅವನಿಗೆ ಹೆದರದವರು ಇಬ್ಬರೇ, ಅಕ್ಕನ ಮಗಳು ಮತ್ತು ಮಗ. ರಜೆಯ ದಿನ ಅಕ್ಕ ಕೆಲಸಕ್ಕೆ ಹೋದರೆ ಮಕ್ಕಳು ಮಾಮನ ಗ್ಯಾರೇಜಿಗೆ.

ಗ್ಯಾರೇಜಿನ ಹಿಂದೆ ತುಕ್ಕು ಹಿಡಿದ ಹಳೇ ಕಾರೊಂದು ನಿಂತಿತ್ತು. ಅದರ ಒಂದು ಹೆಡ್‌ಲೈಟು ಎಂದೋ ಕಳಚಿ ಬೇರೆ ಗಾಡಿಯ ಪಾಲಾಗಿತ್ತು. ಆ ಖಾಲಿ ತೂತಿನೊಳಗೆ ಕಪ್ಪು-ಬಿಳುಪು ಹಕ್ಕಿಯೊಂದು ಸಂಸಾರ ಹೂಡಿತ್ತು. ಅದು ಕಣ್ಣಿಗೆ ಬಿದ್ದಾಗಿನಿಂದ ಹುಡುಗಿ ಅಮ್ಮನ ಹಳೇ ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ಬರುತ್ತಿದ್ದಳು. ಫ್ಲ್ಯಾಶ್ ಬಂದ್, ಟಿಕ್ಕೆನ್ನುವ ಸದ್ದೂ ಬಂದ್. ಟೈರುಗಳ ರಾಶಿಯ ಹಿಂದೆ ಕೂತು ತಮ್ಮನಿಗೆ ಕಾನೂನು ಹೇಳುತ್ತಿದ್ದಳು: "ಹಕ್ಕಿ ನಮ್ಮನ್ನ ನೋಡೋದು ಬಿಟ್ಟ ಮೇಲೆ ನಾವು ಹಕ್ಕೀನ ನೋಡ್ಬೇಕು. ಗೊತ್ತಾಯ್ತೇನೋ ಡುಮ್ಮ?"

ಅಂದು ಮಾಮ ಕೈ ಒರೆಸಿಕೊಳ್ಳುತ್ತ ಬಂದು, "ಏನಮ್ಮ ಕ್ಯಾಮೆರಾದೋಳೇ, ಸಿಕ್ತಾ ಫೋಟೋ?" ಎಂದ.

"ತಾಯಿದು ಸಿಗತ್ತೆ. ಮರಿಗಳು ಕಾಣಲ್ಲ ಮಾಮ, ಒಳಗೆ ಕತ್ತಲೆ."

ಅವಳು ಸುಮ್ಮನೆ ಹೇಳಿದ ಮಾತು. ಅವನ ಕಿವಿಗೆ ಅದು ರಿಪೇರಿಯ ಕೆಲಸದಂತೆ ಕೇಳಿಸಿತು. ಕಾಣದ್ದನ್ನು ಬಿಚ್ಚಿ ನೋಡುವುದೇ ಅವನ ಕಸುಬು. "ಅಷ್ಟೇನಾ?" ಎಂದವನೇ ನೆಟ್ಟಗೆ ಹೋದ. "ಬೇಡ ಮಾಮ" ಎನ್ನುವಷ್ಟರಲ್ಲಿ ಬಾನೆಟ್ ಮೇಲಕ್ಕೆದ್ದು ಬಿಸಿಲು ಧಗ್ಗನೆ ಗೂಡಿಗೆ ಬಿತ್ತು.

ಮೂರು ಮರಿ. ರೆಕ್ಕೆ ಸರಿಯಾಗಿ ಬಲಿತಿರಲಿಲ್ಲ. ಬಾಯಿ ತೆರೆದು ಚೀರುತ್ತವೆ ಎಂದುಕೊಂಡಿದ್ದ. ಅವು ಕತ್ತು ಒಳಗೆಳೆದು ಒಂದರ ಕೆಳಗೊಂದು ನುಸುಳಿದವು. ಮೇಷ್ಟ್ರು ಕಿವಿ ಹಿಡಿದೆತ್ತಿ ಇಡೀ ಕ್ಲಾಸಿಗೆ ಮುಖ ತೋರಿಸಿದ ದಿನ ಅವನೂ ಹೀಗೇ ಕುಗ್ಗಿದ್ದ. ಗೋಡೆಯ ಮೇಲೆ ತಾಯಿಹಕ್ಕಿ, ಕೊಕ್ಕಿನಲ್ಲಿ ಹುಳು, ಬಾಲ ಝಾಡಿಸುತ್ತ ಅತ್ತಿಂದಿತ್ತ ಹಾರುತ್ತಿತ್ತು.

"ಬೇಗ ತಗೊಳ್ಳೇ ಫೋಟೋ!"

"ತೆಗೆಯಲ್ಲ." ಹುಡುಗಿ ಲೆನ್ಸಿಗೆ ಮುಚ್ಚಳ ಹಾಕಿದಳು. "ಮುಚ್ಚು ಮಾಮ. ಇಲ್ಲಾಂದ್ರೆ ಅವಳು ಬರಲ್ಲ. ಮರಿ ಸತ್ತೋಗ್ತವೆ."

ಅವನು ಬಾನೆಟ್ಟಿಗೆ ಕೈ ಹಾಕಿ ತಡೆದ. ಆ ಬಾನೆಟ್ಟಿನ ಕೀಲು ತುಕ್ಕಾಗಿತ್ತು. ಎತ್ತಿ ಧಡಾರನೆ ಬಿಟ್ಟರೆ ಮಾತ್ರ ಮುಚ್ಚುತ್ತಿತ್ತು. ಹಾಗೆ ಬಿಟ್ಟರೆ ಗೂಡು ಕಳಚಿ ಇಂಜಿನ್ನಿನ ಸಂದಿಗೆ ಬೀಳುವುದು ಖಂಡಿತ.

ಕಾಲ್ತುದಿಯಲ್ಲಿ ಹೋಗಿ ಎಣ್ಣೆ ತಂದ, ಕೀಲಿಗೆ ಹನಿಹನಿಯಾಗಿ ಕುಡಿಸಿದ. ಬಾನೆಟ್ ಬಂದು ಕೂರುವ ಅಂಚಿಗೆ ಬಟ್ಟೆ ಮಡಚಿಟ್ಟ. ಆಮೇಲೆ ಎರಡೂ ಕೈಯಲ್ಲಿ ಅದರ ಭಾರ ಹೊತ್ತು, ಮಲಗಿದ ಮಗುವಿಗೆ ಹೊದಿಕೆ ಎಳೆಯುವಂತೆ ಇಳಿಸತೊಡಗಿದ. ಕೀಲು ಕಿರ್ ಎಂದಿತು. ನಿಂತ. ಬೆವರು ಕಣ್ಣಿಗಿಳಿಯಿತು.

"ಮಾಮ, ಬೈಯಲ್ವಾ ಅದಕ್ಕೆ?" ಡುಮ್ಮ ದೂರದಿಂದ ಪಿಸುಗುಟ್ಟಿದ.

"ಆಮೇಲೆ ಬೈತೀನಿ. ಸುಮ್ನಿರೋ."

ಬಾನೆಟ್ ಬಟ್ಟೆಯ ಮೇಲೆ ಸದ್ದಿಲ್ಲದೆ ಕೂತಿತು. ಮೂವರೂ ದೂರ ಸರಿದು, ರಿಪೇರಿಗೆ ಬಂದಿದ್ದ ಬೇರೊಂದು ಕಾರಿನೊಳಗೆ ಹೊಕ್ಕು ಗಾಜು ಅರ್ಧ ಇಳಿಸಿಕೊಂಡರು.

ಹಕ್ಕಿ ಗೋಡೆಯಿಂದ ತಗಡಿನ ಮಾಡಿಗೆ ಹಾರಿತು. ಅಲ್ಲಿಂದ ಹುಳುವಿನ ಸಮೇತ ಎತ್ತಲೋ ಹೋಯಿತು.

"ಬರ್ದೇ ಹೋದ್ರೆ?" ಎಂದ ಡುಮ್ಮ.

ಮಾಮ ಹಕ್ಕಿ ಹೋದ ದಿಕ್ಕಿಗೇ ಕಣ್ಣು ನೆಟ್ಟ. ಹುಡುಗಿ ಅವನ ಎಣ್ಣೆಗೈಯ ಮೇಲೆ ತನ್ನ ಕೈ ಇಟ್ಟಳು. "ಬರ್ತಾಳೆ. ನಾವಿಲ್ಲ ಅಂತ ಅವಳಿಗೆ ಅನ್ನಿಸ್ಬೇಕು, ಅಷ್ಟೇ." ಬೈಯಬಹುದಿತ್ತು ಇವಳು. ಬೈದಿದ್ದರೆ ತಿರುಗಿ ಕೂಗಾಡಿ ಹಗುರಾಗುತ್ತಿದ್ದ. ಲೋಕಕ್ಕೆಲ್ಲ ಕೇಳಲಿ ಎಂದೇ ಬದುಕಿದವನು ಉಸಿರು ಕೂಡ ಸಣ್ಣದು ಮಾಡಿಕೊಂಡು ಕೂತ.

ಕಾದು ಕಾದು ಡುಮ್ಮ ಅಕ್ಕನ ಭುಜಕ್ಕೆ ಒರಗಿದ್ದ. ಆಗ ಹಕ್ಕಿ ಬಂತು. ಹಳೇ ಕಾರಿನ ಕನ್ನಡಿಯ ಮೇಲೆ ಕೂತು ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿ ಸರ್ರನೆ ಒಳಹೊಕ್ಕಿತು. ಒಳಗಿಂದ ಹಸಿದ ಮರಿಗಳ ಚಿಲಿಪಿಲಿ ಜಗಳ. ಹುಡುಗಿ ಮುಚ್ಚಳ ತೆಗೆದು ಒಂದೇ ಒಂದು ಫೋಟೋ ಹೊಡೆದಳು.

ಫೋಟೋದ ತುಂಬ ತುಕ್ಕು, ನಡುವೆ ತೂತು, ತೂತಿನಲ್ಲಿ ಅರ್ಧ ಬಾಲ.

"ಹಕ್ಕಿ ಎಲ್ಲೇ?" ಎಂದ ಡುಮ್ಮ.

"ಮನೆ ಒಳಗೆ ಕಣೋ."

"ದೊಡ್ಡ ಉಪಕಾರ ಆಯ್ತು ತಾಯಿ," ಎಂದ ಮಾಮ.

"ಯಾರಿಗೆ ಹೇಳಿದ್ದು ಮಾಮ, ಹಕ್ಕಿಗಾ ಅಕ್ಕಂಗಾ?"

"ಇಬ್ಬರಿಗೂ ಕಣೋ, ತಲೆಹರಟೆ."

ಅಷ್ಟರಲ್ಲಿ ಗೇಟಿನ ಬಳಿ ಸ್ಕೂಟರೊಂದು ಹಾರ್ನ್ ಬಾರಿಸಿತು. ಮಾಮ ಕೆಳಗಿಳಿದು, ಕಾರಿನ ಬಾಗಿಲನ್ನು ಸೊಂಟದಿಂದ ಮೆತ್ತಗೆ ಒತ್ತಿ ಮುಚ್ಚಿ ಓಡಿದ. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದ ಗಿರಾಕಿಯ ಮುಂದೆ ಕೈ ಜೋಡಿಸಿದ.

"ದಮ್ಮಯ್ಯ, ಹಾರ್ನ್ ಹೊಡೀಬೇಡಿ. ಒಳಗೆ ಮಕ್ಕಳು ಊಟ ಮಾಡ್ತಿವೆ."

ಗಿರಾಕಿ ಕಣ್ಣು ಕಣ್ಣು ಬಿಟ್ಟು ಇಂಜಿನ್ ಆಫ್ ಮಾಡಿದ. ಇಬ್ಬರೂ ಸೇರಿ ಸ್ಕೂಟರನ್ನು ಸದ್ದಾಗದಂತೆ ಒಳಕ್ಕೆ ತಳ್ಳಿದರು.