ಮುಟ್ತು ಅನ್ನೋವರೆಗೂ

ನನ್ನ ಎರಡು ಕಣ್ಣಾಣೆ, ಇದು ನಡೆದದ್ದು. ಒಂದು ಮಾತು ಸೇರಿಸಿದ್ರೂ ನಾಲಿಗೆ ಇಲ್ಲೇ ಕಳಚಿ ಬೀಳಲಿ.

ಕ್ರೇನಣ್ಣನ ಹೆಣದ ಪೆಟ್ಟಿಗೆ ಆಗಲೇ ಹೆಗಲೇರಿತ್ತು. ಮುಂದಿನ ಇಬ್ಬರು ಬಾಗಿಲು ದಾಟಿದ್ರು, ಹಿಂದಿನ ಇಬ್ಬರು ಇನ್ನೂ ಒಳಗೆ. ಅಷ್ಟರಲ್ಲಿ ಕ್ರೇನಣ್ಣನ ಹೆಂಡತಿ ಎದ್ದು ಬಂದು ಪೆಟ್ಟಿಗೆಯ ಹಿಂಬದಿಯನ್ನ ಎರಡೂ ಕೈಲಿ ಹಿಡಕೊಂಡುಬಿಟ್ಟಳು. ಮುಂದಿನವರು ಎಳೀತಾರೆ, ಇವಳು ಬಿಡಲ್ಲ.

“ಇಳಿಸಿ,” ಅಂದಳು.

“ಏನಮ್ಮಾ ಇದು? ಎತ್ತಿದ್ದನ್ನ ಯಾರಾದ್ರೂ ಇಳಿಸ್ತಾರಾ?” ಅಂದ ಸತ್ತವನ ಅಣ್ಣ. ಬಸ್ಸಿನ ಕಂಡಕ್ಟರಾಗಿದ್ದು ಮುದುಕನಾದ ಆಸಾಮಿ. ತಡ ಅಂದ್ರೆ ಮೈಗೆ ತುರಿಕೆ. ತಮ್ಮನ ಪೆಟ್ಟಿಗೆ ಎತ್ತಿದಾಗ್ಲೂ ಬಾಯಿ ತಪ್ಪಿ “ರೈಟ್, ಹೋಗ್ಲಿ” ಅಂದಿದ್ದ.

“ಅದು ಇನ್ನೂ ಇಳಿದಿಲ್ಲ ಭಾವ. ಅದು ಇಳಿದ ಮೇಲೆ ಇವರನ್ನ ಇಳಿಸೋದು. ನಾನು ಮಾತು ಕೊಟ್ಟಿದೀನಿ.”

“ಯಾವುದಮ್ಮಾ ಇಳಿದಿಲ್ಲ?”

“ಮಂಗಳ ಗ್ರಹಕ್ಕೆ ಹೋಗಿರೋ ಯಂತ್ರ.”

ಈ ಗೊಂದಲ ಬೆಳಗ್ಗೇನೇ ಶುರುವಾಗಿತ್ತು. ಗುಂಡಿ ತೋಡೋನು ಫೋನ್ ಮಾಡಿ, “ಇಳಿಸೋದು ಎಷ್ಟೊತ್ತಿಗಮ್ಮಾ?” ಅಂತ ಕೇಳಿದ್ದ. ಇವಳು ಯಾವ ಗ್ಯಾನದಲ್ಲಿದ್ದಳೋ, “ಸಂಜೆಗೆ ಅಂತ ಟೀವೀಲಿ ಹೇಳಿದಾರಪ್ಪ,” ಅಂದುಬಿಟ್ಟಳು. ಅವನು ಪಾಪ, ಯಾರೋ ಭಾರೀ ಮನುಷ್ಯ ಸತ್ತಿದಾನೆ ಅಂದ್ಕೊಂಡು, ಗುಂಡೀನ ಇನ್ನಷ್ಟು ಆಳ ತೋಡಿ, ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕ್ಕೊಂಡು ಕ್ಯಾಮೆರಾದವರಿಗೆ ಕಾಯ್ತಾ ನಿಂತಿದ್ದ.

“ನೋಡಮ್ಮಾ,” ಅಂದ ಕಂಡಕ್ಟರಣ್ಣ, “ಕತ್ತಲಾಗೋಕೆ ಮುಂಚೆ ಅಲ್ಲಿ ಗೇಟ್ ಹಾಕ್ತಾರೆ. ಮಂಗಳಾನೂ ಬೇಡ, ಬುಧಾನೂ ಬೇಡ. ನನ್ನ ತಮ್ಮನ್ನ ಮಣ್ಣು ಮಾಡೋಕೆ ಬಿಡು.”

“ಅವರ ಕೈ ನೋಡಿದೀರಾ ಭಾವ?”

ಬಿಗಿದ ಆ ಮುಷ್ಟೀನ ಕಂಡಕ್ಟರಣ್ಣ ನೋಡಿದ್ದ. ಅಲ್ಲಿದ್ದೋರೆಲ್ಲ ನೋಡಿದ್ರು.

ಆಗ ಮೂಲೆಯಿಂದ ಸೀಟಿ ಎದ್ದ, ಕಟ್ಟಡದ ಸೈಟಲ್ಲಿ ಕ್ರೇನಣ್ಣನ ಜತೆಗಾರ. ಎರಡು ದಿನದಿಂದ ಒಂದು ಮಾತೂ ಆಡಿರಲಿಲ್ಲ ಅವನು. ಜೇಬಿಂದ ಫೋನ್ ತೆಗೆದು ಅತ್ತಿಗೆಗೆ ತೋರಿಸ್ದ. ಪರದೆ ಮೇಲೆ ಕರೀ ಆಕಾಶ, ಒಂದಷ್ಟು ಜನ ಸಾಲಾಗಿ ಕಂಪ್ಯೂಟರ್ ಮುಂದೆ ಕೂತಿದ್ರು. ಇದನ್ನ ಗುಂಡಿ ಹತ್ರಾನೇ ನೋಡೋಣ ಅಂತ ಕೈಸನ್ನೆ ಮಾಡಿದ. ಅವಳು ಪೆಟ್ಟಿಗೆ ಬಿಟ್ಟಳು. ಸೀಟಿ ಬೆರಳು ಮೇಲೆ ಮಾಡಿ ಮೆಲ್ಲಗೆ ತಿರುಗಿಸ್ದ, ಸೈಟಲ್ಲಿ ‘ಎತ್ತು’ ಅನ್ನೋ ಸನ್ನೆ. ಹೊತ್ತಿದ್ದ ನಾಲ್ಕೂ ಜನ ಸೈಟಿನವರೇ. ಆ ಬೆರಳು ನೋಡಿದ್ದೇ ತಡ, ನಾಲ್ಕೂ ಹೆಗಲು ಒಟ್ಟಿಗೆ ಎದ್ದವು.

*

ಕ್ರೇನಣ್ಣನ ಕ್ರೇನು ಎಷ್ಟು ಎತ್ತರ ಅಂದ್ರೆ, ಕಾಗೆಗಳು ಅರ್ಧದಲ್ಲಿ ಕೂತು ದಣಿವಾರಿಸ್ಕೊಂಡು ಮುಂದಕ್ಕೆ ಹಾರ್ತಿದ್ವು. ಕೆಳಗೆ ಬಿಸಿಲಿದ್ರೆ ಅವನಿಗೆ ಮೇಲೆ ಮಳೆ. ಒಂದ್ಸಲ ಒಂದು ಬುಟ್ಟಿ ಮೊಟ್ಟೆ ಇಳಿಸಿದ್ದ. ಒಂದೂ ಒಡೀಲಿಲ್ಲ, ಆದ್ರೆ ಕೆಳಗೆ ಬರೋ ಹೊತ್ತಿಗೆ ಅರ್ಧ ಮರಿಯಾಗಿದ್ವು. ಅಷ್ಟು ನಿಧಾನ.

ಅಷ್ಟು ಮೇಲಿಂದ ನೆಲ ಸರಿಯಾಗಿ ಕಾಣ್ತಿರಲಿಲ್ಲ. ಅವನಿಗೆ ಕಣ್ಣು ಅಂದ್ರೆ ಸೀಟಿ. ಕುತ್ತಿಗೇಲಿ ಸೀಟಿ ನೇತುಹಾಕ್ಕೊಂಡು, ವಾಕಿಟಾಕಿ ಹಿಡಕೊಂಡು ಕೆಳಗೆ ನಿಂತಿರ್ತಿದ್ದ. “ಇನ್ನೂ ಇದೆ ಅಣ್ಣ… ಇನ್ನೂ ಇದೆ… ಒಂದು ಗೇಣು… ನಾಲ್ಕು ಬೆರಳು… ಮುಟ್ತು.” ಆ ‘ಮುಟ್ತು’ ಕಿವಿಗೆ ಬೀಳೋವರೆಗೂ ಕ್ರೇನಣ್ಣ ಹಿಡಿಕೆಯಿಂದ ಕೈ ತೆಗೀತಿರಲಿಲ್ಲ.

ಈ ಅಭ್ಯಾಸ ಮನೆಗೂ ಬಂತು. ಕಾಫಿ ಕುಡಿದು ಲೋಟ ಮೇಜಿನ ಮೇಲೆ ಇಡೋನು, ಕೈ ಬಿಡ್ತಿರಲಿಲ್ಲ. ಹೆಂಡತಿ ಒಲೆ ಹತ್ರದಿಂದ ಕೂಗಬೇಕು, “ಮುಟ್ತು!” ಆಮೇಲೆ ಬಿಡೋನು. ಒಂದಿನ ಜಗಳ ಆಡ್ಕೊಂಡು ಅವಳು ಮಾತು ಬಿಟ್ಟಳು. ಈ ಮನುಷ್ಯ ಸಂಜೆವರೆಗೂ ಖಾಲಿ ಲೋಟ ಹಿಡಕೊಂಡು ಕೂತಿದ್ದ. ಕೊನೆಗೆ ಪಕ್ಕದ ಮನೆಯಾಕೆ ಕಿಟಕಿಯಿಂದ “ಮುಟ್ತು ಕಣಪ್ಪಾ” ಅಂದು ಬಿಡಿಸಿದ್ಲು.

ಅಂಥವನಿಗೆ ಮಂಗಳದ ಹುಚ್ಚು ಹಿಡೀತು. ಯಾಕೆ ಅಂದ್ರೆ ಟೀವೀಲಿ ತೋರಿಸಿದ್ರು: ಯಂತ್ರ ಅಲ್ಲಿಗೆ ಹೋದ ಮೇಲೆ, ಮೇಲ್ಗಡೆ ಭಾಗ ಗಾಳೀಲಿ ನಿಂತ್ಕೊಂಡು, ಹಗ್ಗ ಬಿಟ್ಟು, ಕೆಳಗಿನ ಗಾಡೀನ ನೆಲಕ್ಕೆ ಇಳಿಸುತ್ತಂತೆ.

“ಕ್ರೇನು ಕಣೇ ಅದು!” ಅಂತ ಕುಣಿದಾಡಿಬಿಟ್ಟ. “ಆಕಾಶದಲ್ಲಿ ಕ್ರೇನು! ಕಾಲೂ ಇಲ್ಲ, ಕಂಬಾನೂ ಇಲ್ಲ!”

“ನಡೆಸೋರು ಯಾರು?”

“ಯಾರೂ ಇಲ್ಲ. ಅದೇ ಇಳಿಸಬೇಕು, ಅದೇ ತಿಳ್ಕೋಬೇಕು. ಕೆಳಗೆ ನಿಂತು ಮುಟ್ತು ಅನ್ನೋಕೆ ಅಲ್ಲಿ ಒಬ್ಬ ಸೀಟಿ ಇಲ್ಲವಲ್ಲೇ. ಅದೇ ನನಗೆ ಹೊಟ್ಟೆ ಉರಿಯೋದು.”

“ಇಳಿಸಿದ ಮೇಲೆ ಮೇಲಿಂದು ಏನಾಗುತ್ತೆ?”

“ಹಗ್ಗ ಕತ್ತರಿಸ್ಕೊಂಡು ದೂರ ಹೋಗಿ ಬಿದ್ದುಹೋಗುತ್ತೆ.”

“ಅಯ್ಯೋ ಪಾಪ. ಅದನ್ನ ಇಳಿಸೋರು ಯಾರೂ ಇಲ್ವಾ?”

“ಇಲ್ಲ,” ಅಂದ. ಆಮೇಲೆ, “ಸುದ್ದಿ ಬರೋಕೂ ಹೊತ್ತಾಗುತ್ತಂತೆ. ಅಲ್ಲಿ ಆಗೋದೆಲ್ಲ ಆಗಿಹೋಗಿರುತ್ತೆ. ನಾವಿಲ್ಲಿ ಇನ್ನೂ ಇಳೀತಾ ಇದೆ ಅಂತ ಬಾಯಿ ಬಿಟ್ಕೊಂಡು ನೋಡ್ತಿರ್ತೀವಿ. ನೋಡು, ಅದು ಇಳಿಯೋದು ನೋಡದೆ ನಾನು ಎಲ್ಲೂ ಹೋಗಲ್ಲ. ಸತ್ರೂ ಅದು ಇಳಿದ ಮೇಲೆ ನನ್ನ ಇಳಿಸು. ಮಾತು ಕೊಡು.”

ಅವಳು ಬಾಣಲೆ ಉಜ್ಜುತಾ ಇದ್ದಳು. “ಕೊಟ್ಟೆ, ಕೊಟ್ಟೆ. ಮೊದಲು ಉಣ್ಣಿ,” ಅಂದಳು.

*

ಸತ್ತಿದ್ದು ಮೇಲೇನೇ. ಒಂದು ಕಬ್ಬಿಣದ ತೊಲೆ ಇಳಿಸ್ತಾ ಇದ್ದ. ಎಂದಿನ ಹಾಗೆ ಮೆತ್ತಗೆ ಬಂತು. ಒಂದು ಗೇಣು, ನಾಲ್ಕು ಬೆರಳು, ಸೀಟಿ “ಮುಟ್ತು ಅಣ್ಣ” ಅಂದ. ಮೇಲಿಂದ “ಬಿಟ್ಟೆ ಕಣೋ” ಅಂತ ಬರಬೇಕಿತ್ತು. ಬರಲಿಲ್ಲ. ಸೀಟಿ ಮತ್ತೆ ಹೇಳಿದ. ಕಿರುಚಿದ. ಸೀಟಿ ಊದಿದ. ತೊಲೆ ನೆಲದ ಮೇಲೆ ಹಾಯಾಗಿ ಕೂತಿತ್ತು.

ಹತ್ತಿ ನೋಡಿದ್ರೆ ಕ್ರೇನಣ್ಣ ಕುರ್ಚೀಲಿ ನೆಟ್ಟಗೆ ಕೂತಿದ್ದ, ಕಣ್ಣು ತೆರೆದೇ ಇತ್ತು, ಎದೆ ನಿಂತಿತ್ತು. ಬಲಗೈ ಹಿಡಿಕೆ ಮೇಲೆ. ಬೆರಳು ಬಿಡಿಸೋಕೆ ನೋಡಿದ್ರು, ಆಗಲಿಲ್ಲ. ಕೊನೆಗೆ ಹಿಡಿಕೆಯ ಕರೀ ಗುಂಡನ್ನೇ ತಿರುಪಿ ಬಿಚ್ಚಿ, ಅವನ ಮುಷ್ಟೀಲೇ ಬಿಟ್ಟು, ಹಗ್ಗ ಕಟ್ಟಿ ಇಳಿಸಿದ್ರು. ಇಳಿಸೋದ್ರಲ್ಲಿ ಗೋಡೆಗೆ ಎರಡು ಸಲ ತಾಗಿಸಿದ್ರು. ಅವನೇ ಇಳಿಸಿದ್ರೆ ತಾಗ್ತಿರಲಿಲ್ಲ.

ಉಸಿರು ಹೋಗಿದ್ದು ಮೊದಲೋ, ತೊಲೆ ಮುಟ್ಟಿದ್ದು ಮೊದಲೋ, ಯಾರಿಗೆ ಗೊತ್ತು? ತನ್ನ ಮಾತು ಅಣ್ಣನಿಗೆ ಕೇಳಿಸ್ತೋ ಇಲ್ವೋ ಅಂತ ಸೀಟಿ ಒಬ್ಬೊಬ್ಬರ ಮುಖಾನೂ ನೋಡಿದ. ಅವತ್ತು ಬಾಯಿ ಮುಚ್ಚಿದೋನು ಇನ್ನೂ ತೆರೆದಿರಲಿಲ್ಲ.

*

ಗುಂಡಿ ಪಕ್ಕ ಪೆಟ್ಟಿಗೆ ಇಟ್ಟು ಎಲ್ಲರೂ ಸೀಟಿಯ ಫೋನ್ ಸುತ್ತ ಮುತ್ತಿಕೊಂಡ್ರು. ಗುಂಡಿ ತೋಡೋನು “ಕ್ಯಾಮೆರಾ ಬರಲ್ವಾ?” ಅಂತ ಕೇಳಿ, ಬರಲ್ಲ ಅಂತ ತಿಳಿದು, ಇಸ್ತ್ರಿ ಅಂಗಿಯ ತೋಳು ಮಡಚಿ ಅವನೂ ಬಗ್ಗಿದ.

“ಗಾಳಿಯ ಪದರ ಹೊಕ್ಕಿದೆ,” ಅಂತು ಫೋನಿನೊಳಗಿನ ಹೆಣ್ಣುದನಿ. “ಪ್ಯಾರಾಚೂಟ್ ಬಿಚ್ಚಿಕೊಂಡಿದೆ.”

“ಬಿಚ್ಕೊಂಡ್ತಂತೆ!” ಅಂದ ಹೆಣ ಹೊತ್ತವನೊಬ್ಬ. ಹೆಣ ಅಲ್ಲೇ ಪಕ್ಕದಲ್ಲಿದೆ ಅನ್ನೋದೇ ಮರೆತುಹೋಗಿತ್ತು ಅವನಿಗೆ.

“ಹಗ್ಗ ಬಿಡಲು ಶುರುಮಾಡಿದೆ…”

“ಹೋಲ್ಡಾನ್!” ಅಂತ ಕೂಗಿದ ಕಂಡಕ್ಟರಣ್ಣ. “ನಿಧಾನ! ಹೋಲ್ಡಾನ್ ಅಂದ್ರೆ ಹೋಲ್ಡಾನ್!”

ಹೆಂಡತಿ ಫೋನ್ ನೋಡಲಿಲ್ಲ. ಪೆಟ್ಟಿಗೆಯ ಮುಚ್ಚಳದ ಮೇಲೆ, ಒಳಗೆ ಅವನ ಬಲಗೈ ಇರೋ ಜಾಗದಲ್ಲಿ ಅಂಗೈ ಊರಿ ಕೂತಿದ್ಲು.

ಆಮೇಲೆ ಫೋನು ಸುಮ್ಮನಾಯ್ತು. ಪರದೇಲಿ ಜನ ಇದ್ರು, ಯಾರೂ ಅಲ್ಲಾಡ್ತಿರಲಿಲ್ಲ. ಒಬ್ಬ ಕನ್ನಡಕ ತೆಗೆದು ಕಣ್ಣೊತ್ಕೊಂಡ. “ಸುದ್ದಿ ಬರುತ್ತಿಲ್ಲ,” ಅಂತು ಹೆಣ್ಣುದನಿ. “ಕಾಯುತ್ತಿದ್ದೇವೆ.”

ಕಾದ್ರು. ಹೊತ್ತು ಇಳೀತು. ಗೇಟಿನೋನು ಬಂದು ಬೀಗದ ಕೈ ಅಲ್ಲಾಡಿಸಿ ಹೋದ. ಮತ್ತೆ ಬಂದ. “ಕಾಯುತ್ತಿದ್ದೇವೆ,” ಅಂತಾನೇ ಇತ್ತು ಫೋನು.

“ಮುಟ್ತಾ?” ಅಂದಳು ಹೆಂಡತಿ, ತಲೆ ಎತ್ತದೆ.

ಕಂಡಕ್ಟರಣ್ಣ ಸೀಟಿಯ ಪಕ್ಕೆಗೆ ತಿವಿದು ಪಿಸುಗುಟ್ಟಿದ, “ಹೇಳಿಬಿಡೋ. ಹೂಂ ಅಂದುಬಿಡು. ಅವಳಿಗೇನು ಗೊತ್ತಾಗುತ್ತೆ?”

ಸೀಟಿ ತಲೆ ಅಡ್ಡ ಆಡಿಸಿದ. ಮುಟ್ಟದೆ ಮುಟ್ತು ಅಂದೋನಲ್ಲ ಅವನು.

ಅವಳು ಅದನ್ನ ನೋಡಿದ್ಲು. ಆಮೇಲೆ ಸೆರಗಲ್ಲಿ ಮುಚ್ಚಳದ ಮೇಲಿನ ಧೂಳು ಒರೆಸಿ, “ಇಳಿಸಿ ಭಾವ,” ಅಂದಳು. “ಅದು ಹೇಗೋ, ಇವರೂ ಹಾಗೇ.”

ನಾಲ್ಕೂ ಜನ ಪೆಟ್ಟಿಗೆಗೆ ಹಗ್ಗ ಹಾಕಿ ಮೆಲ್ಲಗೆ ಇಳಿಸ್ತಾ ಹೋದ್ರು. ಗುಂಡಿ ಹಾಳಾದ್ದು ಆಳ, ಬೆಳಕು ಬೇರೆ ಹೋಗ್ತಾ ಇದೆ, ತಳ ಕಾಣಲ್ಲ. ಪೆಟ್ಟಿಗೆ ಒಳಗೆ ಹೋಯ್ತು, ಕತ್ತಲಲ್ಲಿ ಕರಗಿತು. ಹಗ್ಗ ಹಿಡಿದೋರ ತೋಳು ನಡುಗ್ತಿತ್ತು, ಬಿಡೋ ಹಾಗಿಲ್ಲ. ಸೈಟಿನವರಲ್ವಾ, ಮಾತು ಬೀಳಬೇಕು.

“ಹೇಳಪ್ಪಾ,” ಅಂದಳು ಹೆಂಡತಿ ಸೀಟಿಗೆ. “ಅವತ್ತು ಕೇಳಿಸ್ಲಿಲ್ಲ ಅಂತ್ಲೇ ಇಟ್ಕೊ. ಇವತ್ತು ಹೇಳು. ಅವರು ಇನ್ನೂ ಕೈ ಬಿಟ್ಟಿಲ್ಲ.”

ಸೀಟಿ ಮಣ್ಣಲ್ಲಿ ಬೋರಲು ಮಲಗಿ, ತಲೇನೂ ಒಂದು ತೋಳೂ ಗುಂಡಿಯೊಳಗೆ ಬಿಟ್ಟ. ದನಿ ತುಕ್ಕು ಹಿಡಿದಿತ್ತು. “ಇನ್ನೂ ಇದೆ ಅಣ್ಣ,” ಅಂದ. “ಇನ್ನೂ ಇದೆ. ಒಂದು ಗೇಣು.” ಹಗ್ಗ ಜಾರಿತು. “ನಾಲ್ಕು ಬೆರಳು.” ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ, “ಮುಟ್ತು.”

ಹಗ್ಗ ಬಿಟ್ರು. ಪೆಟ್ಟಿಗೆಯೊಳಗೆ ಆ ಕರೀ ಗುಂಡು ಹಲಗೆ ಮೇಲೆ ಉರುಳಿದ ಹಾಗೆ ಸದ್ದಾಯ್ತು. ನನ್ನ ಕಣ್ಣಾಣೆ, ಆಯ್ತು.

ಸೀಟಿ ಏಳುವಾಗ ಅಂಗಿ ಜೇಬಿಂದ ಫೋನ್ ಜಾರಿ ಪೆಟ್ಟಿಗೆ ಮೇಲೆ ಬಿತ್ತು, ಅಂಗಾತ. ಪರದೆ ಬೆಳಕಲ್ಲಿ ಗುಂಡಿ ತಳ ನೀಲಿಯಾಗಿ ಕಾಣ್ತು. ಕಂಪ್ಯೂಟರ್ ಮುಂದಿನ ಜನ ಇನ್ನೂ ಹಾಗೇ ಕೂತಿದ್ರು. ಗುಂಡಿ ತೋಡೋನು ಇಳಿಯೋಕೆ ಹೋದ.

“ಬೇಡ,” ಅಂದಳು ಹೆಂಡತಿ. “ಇವರು ನೋಡ್ಲಿ ಬಿಡು.”

ಮಣ್ಣೆಳೆದ್ರು. ಮೊದಲ ಹಿಡಿ ಬೆಳಕನ್ನ ಅರ್ಧ ಮಾಡ್ತು. ಗುಂಡಿ ಮುಕ್ಕಾಲು ತುಂಬಿದ್ರೂ ಅಡಿಯಿಂದ ಸಣ್ಣಗೆ ಬರ್ತಾನೇ ಇತ್ತು ಆ ದನಿ: ಕಾಯುತ್ತಿದ್ದೇವೆ… ಕಾಯುತ್ತಿದ್ದೇವೆ…

ಆ ಯಂತ್ರದಿಂದ ಇವತ್ತಿಗೂ ಒಂದು ಸೊಲ್ಲು ಬಂದಿಲ್ಲ. ಬಿದ್ದು ಚೂರಾಯ್ತು ಅಂತಾರೆ ಓದಿದೋರು. ಸೀಟಿ ಒಪ್ಪಲ್ಲ. ಅದು ನೆಲದಿಂದ ನಾಲ್ಕು ಬೆರಳು ಮೇಲೆ ಹಗ್ಗ ಹಿಡಕೊಂಡು ನಿಂತಿದೆಯಂತೆ, ಹೇಳೋರಿಲ್ಲದೆ.

ಅದಿರಲಿ. ಆಗಿನಿಂದ ಲೋಟ ಹಿಡಕೊಂಡು ಬಾಯಿ ಬಿಟ್ಕೊಂಡು ಕೂತಿದೀರಲ್ಲ, ಮೆಲ್ಲಗೆ ಕೆಳಗಿಡಿ ನೋಡೋಣ. ಊಂಹೂಂ, ಕೈ ತೆಗೀಬೇಡಿ! ನಾನಿನ್ನೂ ಹೇಳಿಲ್ಲ. ಹೇಳ್ತೀನಿ. ಇನ್ನೊಂದು ಕೈ ಖಾಲಿ ಇದೆಯಲ್ಲ, ಮೊದಲು ಅದರಲ್ಲಿ ನನ್ನ ಲೋಟ ತುಂಬಿಸಿ.