ಗುಂಡಿ ಡಬ್ಬಿಯ ಮಾತ್ರೆ

ಅಪ್ಪನಿಗೆ ಹೃದಯಾಘಾತವಾದ ಮರುದಿನದಿಂದ ಅವರ ಮೂತ್ರ ಅಳೆಯುವ ಕೆಲಸ ನನಗೆ ಬಂತು. ರಕ್ತ ನೋಡುವ ಕೆಲಸ ಅಕ್ಕನದು. ನಮ್ಮ ಮನೆಯಲ್ಲಿ ಕೆಲಸ ಹಂಚಿಕೆಯಾಗುವುದೇ ಹೀಗೆ.

ಅಪ್ಪನನ್ನು ಸೇರಿಸಿದ್ದ ಆಸ್ಪತ್ರೆಯ ಪ್ರಯೋಗಾಲಯದಲ್ಲೇ ಅಕ್ಕ ರಕ್ತ ಪರೀಕ್ಷೆ ಮಾಡುತ್ತಾಳೆ. ಬಿಳಿ ಕೋಟು, ಜೇಬಿನಲ್ಲಿ ಎರಡು ಪೆನ್ನು. ಅವಳು ವಾರ್ಡಿಗೆ ಬಂದರೆ ಪಕ್ಕದ ಹಾಸಿಗೆಯವರೂ ಎದ್ದು ಕೂರುತ್ತಿದ್ದರು. ಅಪ್ಪ ಅವಳನ್ನು ಡಾಕ್ಟ್ರಮ್ಮ ಎನ್ನುತ್ತಾರೆ. ನಾನು ಡಾಕ್ಟರಲ್ಲ ಎಂದು ಹತ್ತು ಸಲ ಹೇಳಿ ಅವಳೂ ಸುಮ್ಮನಾಗಿದ್ದಾಳೆ. ನನ್ನನ್ನು ಗುಬ್ಬಿ ಎನ್ನುತ್ತಾರೆ.

ಅಮ್ಮ ಹೋದಾಗ ನಾನು ಏಳನೇ ಕ್ಲಾಸು, ಅಕ್ಕನಿಗೆ ದೊಡ್ಡ ಪರೀಕ್ಷೆ ಎದುರಿಗಿತ್ತು. ಶಾಲೆ ಬಿಡು ಎಂದು ನನಗೆ ಯಾರೂ ಹೇಳಲಿಲ್ಲ. ಬೆಳಿಗ್ಗೆ ಎದ್ದಾಗ ಒಲೆ ಹಚ್ಚುವವರಿರಲಿಲ್ಲ, ನಾನು ಹಚ್ಚಿದೆ, ಅಷ್ಟೇ. ಈಗ ಟೈಲರ್ ಅಂಗಡಿಯೊಂದಕ್ಕೆ ಶಾಲಾ ಮಕ್ಕಳ ಅಂಗಿ ಹೊಲಿದುಕೊಡುತ್ತೇನೆ. ಕೊರಳಲ್ಲಿ ಅಳತೆ ಟೇಪು ಇಲ್ಲದಿದ್ದರೆ ಏನೋ ಮರೆತಂತಾಗುತ್ತದೆ.

ಅಪ್ಪ ಮೂವತ್ತು ವರ್ಷ ಮನೆಗಳಿಗೆ ಟೈಲ್ಸ್ ಕೂರಿಸಿದವರು. ಮಂಡಿಯೂರಿ ಮಾಡುವ ಕೆಲಸ. ಮಂಡಿ ಸವೆಯಿತು. ಅದಕ್ಕೆ ದಿನಕ್ಕೆರಡು ನೋವಿನ ಮಾತ್ರೆ. ಔಷಧಿ ಅಂಗಡಿಯಿಂದ ತರುತ್ತಿದ್ದವಳು ನಾನು, ಕಾಗದದಲ್ಲಿ ಸುತ್ತಿ ನನ್ನ ಗುಂಡಿ ಡಬ್ಬಿಯ ತಳದಲ್ಲಿ, ಅಂಗಿ ಗುಂಡಿಗಳ ಕೆಳಗೆ ಇಡುತ್ತಿದ್ದವಳೂ ನಾನೇ. "ನಿಮ್ಮಕ್ಕನಿಗೆ ಹೇಳ್ಬೇಡ. ಉಪದೇಶ ಶುರು ಮಾಡ್ತಾಳೆ" ಎನ್ನುತ್ತಿದ್ದರು ಅಪ್ಪ. ಹನ್ನೊಂದು ವರ್ಷ ಹೇಳಿರಲಿಲ್ಲ. ಅಕ್ಕನಿಗೆ ಗೊತ್ತಿಲ್ಲದ, ನನಗೆ ಮಾತ್ರ ಗೊತ್ತಿದ್ದ ಸಂಗತಿ ನಮ್ಮ ಮನೆಯಲ್ಲಿ ಅದೊಂದೇ.

ಆಸ್ಪತ್ರೆಗೆ ಸೇರಿಸಿದ ದಿನ ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಾರಾ ಎಂದು ಕೇಳಿದರು. ಬಿಪಿಯದೊಂದೇ ಎಂದಳು ಅಕ್ಕ. ನಾನು ಅಪ್ಪನ ಚಪ್ಪಲಿ ಹಿಡಿದು ಕಂಬದ ಪಕ್ಕ ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಎದೆ ಕೆಟ್ಟು ಮಲಗಿದವರ ಮಂಡಿಯ ವಿಷಯ ಡಾಕ್ಟರಿಗೆ ಯಾಕೆ ಬೇಕು ಎಂದು ನನಗೂ ಅನ್ನಿಸಿತ್ತು.

ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿ, ಸ್ಟೆಂಟ್ ಹಾಕಿ, ಮರುದಿನ ವಾರ್ಡಿಗೆ ತಂದರು. ನಾನು ಗುಂಡಿ ಹಚ್ಚುವ ಕೆಲಸ ಜೊತೆಗೆ ಒಯ್ದಿದ್ದೆ. ಅಪ್ಪ ವಾರ್ಡಿನ ನೆಲದ ಏರುತಗ್ಗು ನೋಡಿ, ಈ ಟೈಲ್ಸ್ ಕೂರಿಸಿದವನು ರಸಮಟ್ಟ ಮನೆಯಲ್ಲೇ ಮರೆತು ಬಂದಿದ್ದ ಎಂದರು. ಆಮೇಲೆ ನನ್ನ ಡಬ್ಬಿಯ ಕಡೆ ನೋಡಿ ಕೈ ಚಾಚಿದರು. ಕೊಟ್ಟೆ. ನರ್ಸು ಬಟ್ಟಲಲ್ಲಿ ಏಳೆಂಟು ಮಾತ್ರೆ ತಂದುಕೊಡುತ್ತಿದ್ದಳು. ನನ್ನದು ಒಂದೇ. ಆದರೆ ಅದನ್ನು ಮಾತ್ರ ಅವರು ಕೇಳಿ ಪಡೆಯುತ್ತಿದ್ದರು.

ಮೂತ್ರದ ಜಾಡಿಯನ್ನು ನಾನು ನೆಲದ ಮೇಲಿಡದೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಬಗ್ಗಿ, ಕಣ್ಣಿನ ಮಟ್ಟಕ್ಕೆ ನೋಡಿ ಬರೆಯುತ್ತಿದ್ದೆ. ರಸಮಟ್ಟದ ಗುಳ್ಳೆ ಹಾಗೆ ನೋಡಬೇಕೆಂದು ಚಿಕ್ಕಂದಿನಲ್ಲಿ ಅಪ್ಪನೇ ಕಲಿಸಿದ್ದು. ಮೊದಲ ದಿನ ಸಾವಿರದ ಮುನ್ನೂರು ಮಿಲಿ. ಮರುದಿನ ಒಂಬೈನೂರು. ಅದರ ಮರುದಿನ ಐನೂರೈವತ್ತು. ಕಾಲುಚೀಲದ ಗುರುತು ಆಳವಾಗಿ ಬಿದ್ದಿದ್ದನ್ನು ಕಂಡು ಕಾಲಿನ ಹರಡಿನ ಸುತ್ತ ದಿನಾ ಟೇಪು ಹಿಡಿದೆ. ಎರಡು ದಿನದಲ್ಲಿ ಮುಕ್ಕಾಲು ಇಂಚು ಏರಿತ್ತು.

ಅದನ್ನು ಅಕ್ಕನಿಗೆ ಹೇಳಿದೆ. ದೊಡ್ಡ ಡಾಕ್ಟರು ಬಂದಾಗ ಅಕ್ಕ ಅವರಿಗೆ ಹೇಳಿದಳು. ಮುಕ್ಕಾಲು ಇಂಚು ಎಂದೇ ಹೇಳಿದಳು. "ಒಳ್ಳೇ ಗಮನ ನಿಂದು" ಎಂದರು ಅವರು. ಅಪ್ಪ ಅಷ್ಟು ಸುಸ್ತಿನಲ್ಲೂ ಪಕ್ಕದ ಹಾಸಿಗೆಯವರ ಕಡೆ ನೋಡಿ, ನನ್ನ ಮಗಳು ಎಂದರು. ನನ್ನ ಕೊರಳಲ್ಲೇ ಇದ್ದ ಟೇಪು ಯಾರಿಗೂ ಕಾಣಲಿಲ್ಲ.

ಡಾಕ್ಟರು ಆಮೇಲೆ ಹೇಳಿದ್ದನ್ನು ನಾನು ಗೋಡೆಗೆ ಒರಗಿ ಕೇಳಿಸಿಕೊಂಡೆ. ಎದೆಯ ಕೆಲಸ ಚೆನ್ನಾಗಿ ಆಗಿದೆ, ಈಗ ನೋಡಬೇಕಾದದ್ದು ಕಿಡ್ನಿಯನ್ನು. ಹೃದಯಾಘಾತದಿಂದ ಉಳಿದವರಲ್ಲಿ ಕಿಡ್ನಿ ಸೋತವರಿಗೆ ಮತ್ತೆ ತೊಂದರೆ ಬರುವುದು ಹೆಚ್ಚು, ಕೆಲವರು ಉಳಿಯುವುದೂ ಇಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತಿದೆ ಅಂದರೆ ಕಿಡ್ನಿ ಕೊಳೆ ಹೊರಹಾಕುತ್ತಿಲ್ಲ ಎಂದರ್ಥ. ಬಂದಾಗ ಒಂದರ ಮೇಲೆ ಚೂರು ಇತ್ತು, ಈಗ ಎರಡು ದಾಟಿದೆ. ಸ್ಟೆಂಟ್ ಹಾಕುವಾಗ ರಕ್ತನಾಳ ಕಾಣಲೆಂದು ಬಿಟ್ಟ ಬಣ್ಣದ ಔಷಧಿಯಿಂದ ಸ್ವಲ್ಪ ಏರಬಹುದು, ಆದರೆ ಈ ವೇಗ ಹಿಡಿಸುತ್ತಿಲ್ಲ. ಇನ್ನೂ ಏರಿದರೆ ಡಯಾಲಿಸಿಸ್.

"ನೋವಿನ ಮಾತ್ರೆ ಏನಾದ್ರೂ ತಗೋತಾರಾ? ಅದು ಕಿಡ್ನಿಗೆ ವಿಷ ಈಗ. ಎದೆಗೂ ಒಳ್ಳೇದಲ್ಲ."

"ಇಲ್ಲ ಸರ್. ತಗೊಂಡಿದ್ರೆ ನನಗೆ ಗೊತ್ತಿರ್ತಿತ್ತು" ಎಂದಳು ಅಕ್ಕ.

ಅಪ್ಪ ಗೋಡೆಯ ಟೈಲ್ಸಿನ ಸಂದು ಎಣಿಸುತ್ತಿದ್ದರು. ನಾನು ಅಂಗಿಗೆ ಗುಂಡಿ ಹಚ್ಚುತ್ತಲೇ ಇದ್ದೆ. ಬೆರಳಿಗೆ ಸೂಜಿ ಚುಚ್ಚಿದ್ದು ಆಮೇಲೆ ಗೊತ್ತಾಯಿತು, ಬಿಳಿ ಅಂಗಿಯ ಮೇಲೆ ಕಲೆ ಕಂಡಾಗ.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹೆದರಿಕೆ ಇತ್ತು, ಸುಳ್ಳಲ್ಲ. ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ಇದೂ ಅಕ್ಕನ ಕೈಗೆ ಹೋಗುತ್ತದಲ್ಲ ಎನ್ನಿಸಿತು. ಅಮ್ಮನ ಸರ, ಕಿಟಕಿ ಪಕ್ಕದ ಕೋಣೆ, ಅಪ್ಪನ ಹೆಮ್ಮೆ ಎಲ್ಲ ಅವಳದ್ದೇ. ಇದೊಂದಾದರೂ ಇರಲಿ ಎಂದು ಅಪ್ಪನ ಜೀವವನ್ನೇ ಹಿಡಿದುಕೊಂಡು ಕೂತಿದ್ದೆ.

ಸಂಜೆ ನಾಲ್ಕಕ್ಕೆ ಅಪ್ಪ ಕೈ ಚಾಚಿದರು. ಮಾತ್ರೆ ಮುಗಿದಿದೆ ಎಂದೆ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ ಗುಬ್ಬಿ ಎಂದು ನಕ್ಕರು. ಡಾಕ್ಟರು ವಿಷ ಎಂದರಲ್ಲ ಎಂದೆ. ಹನ್ನೊಂದು ವರ್ಷ ತಿಂದಿದ್ದೇನೆ, ವಿಷವಾಗಿದ್ದರೆ ಎಂದೋ ಹೋಗುತ್ತಿದ್ದೆ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಎದೆ ನೋವು ಅಂತ ಬಂದರೆ ಮಂಡಿಯ ಮದ್ದು ಕಿತ್ತುಕೊಳ್ಳುವ ಜನ ಇವರು ಎಂದರು. ಅದಕ್ಕೂ ನಾನು ಕೊಡದಿದ್ದಾಗ ದನಿ ತಗ್ಗಿಸಿದರು.

"ನಿಮ್ಮಕ್ಕ ದೊಡ್ಡೋಳಾಗಿಬಿಟ್ಟಳು. ನಿನ್ನ ಬಿಟ್ರೆ ನನಗೆ ಯಾರಿದ್ದಾರೆ ಹೇಳು."

ಈ ಮಾತು ಕೇಳಬೇಕೆಂದು ಎಷ್ಟು ವರ್ಷ ಕಾದಿದ್ದೆನೋ. ಡಬ್ಬಿಯ ಮುಚ್ಚಳ ತೆಗೆದೆ. ಗುಂಡಿಗಳನ್ನು ಸರಿಸಿದೆ. ಕಾಗದ ಬೆರಳಿಗೆ ಸಿಕ್ಕಿತು. ಅಷ್ಟರಲ್ಲಿ ಕಿಟಕಿ ಕಟ್ಟೆಯ ಮೇಲಿನ ಜಾಡಿ ಕಣ್ಣಿಗೆ ಬಿತ್ತು. ಬೆಳಗಿನಿಂದ ತುಂಬಿದ್ದು ತಳದಲ್ಲಿ ಎರಡು ಬೆರಳಿನಷ್ಟು, ಕಾಫಿಯ ಬಣ್ಣ. ಡಬ್ಬಿ ಮುಚ್ಚಿ ಎದ್ದೆ. ಅಪ್ಪ ಗುಬ್ಬೀ ಎಂದು ಕರೆದರು. ತಿರುಗಲಿಲ್ಲ. ತಿರುಗಿದ್ದರೆ ಕೊಟ್ಟುಬಿಡುತ್ತಿದ್ದೆ.

ಪ್ರಯೋಗಾಲಯ ಕೆಳಗಿನ ಮಹಡಿಯಲ್ಲಿ. ರಕ್ತದ ನಳಿಕೆಗಳ ಸಾಲಿನ ಮುಂದೆ ನಿಂತಿದ್ದ ಅಕ್ಕನ ಎದುರು ಡಬ್ಬಿ ಬಿಚ್ಚಿ, ಕಾಗದ ಇಟ್ಟೆ. ಎಷ್ಟು ಕೊಟ್ಟೆ, ಯಾವಾಗ ಕೊಟ್ಟೆ ಎಂದು ಕೇಳಿದಳು. ಆಸ್ಪತ್ರೆಗೆ ಬಂದ ಮೇಲೆ ನಾಲ್ಕು ಎಂದೆ. ಎಷ್ಟು ವರ್ಷದಿಂದ ಎಂದಳು. ಅಮ್ಮ ಹೋದ ವರ್ಷದಿಂದ ಎಂದೆ. ಕಪಾಳಕ್ಕೆ ಬೀಳುತ್ತದೆ ಎಂದುಕೊಂಡಿದ್ದೆ. ಅವಳು ಕೈಗವಸು ತೆಗೆದು ಮೇಜಿನ ಮೇಲಿಟ್ಟಳು.

"ನನ್ನ ಹತ್ರ ಒಂದು ಲೋಟ ನೀರೂ ಕೇಳಿ ಕುಡಿದೋರಲ್ಲ ಅವರು" ಎಂದಳು.

ಅವಳ ಮುಖ ನೋಡಿ ನನಗೆ ಖುಷಿಯಾಯಿತು. ಅಂಥ ಹೊತ್ತಿನಲ್ಲೂ ಆಯಿತು.

ಅವಳು ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ಅಪ್ಪನಿಗೆ ಮಾತ್ರ, ರಕ್ತದಲ್ಲೇ ಗೊತ್ತಾಯಿತು ಎಂದಳಂತೆ, ನನ್ನನ್ನು ಕಾಪಾಡಲೆಂದು. ಮರುದಿನ ಕ್ರಿಯಾಟಿನಿನ್ ಇನ್ನೂ ಸ್ವಲ್ಪ ಏರಿ, ಅಲ್ಲೇ ನಿಂತು, ಆಮೇಲೆ ಇಳಿಯತೊಡಗಿತು. ಜಾಡಿಯಲ್ಲಿ ಎಂಟುನೂರು, ಸಾವಿರದ ಇನ್ನೂರು. ಡಯಾಲಿಸಿಸ್ ಮಾತು ಮತ್ತೆ ಬರಲಿಲ್ಲ. ಅಪ್ಪ ಬಂದವರಿಗೆಲ್ಲ ಒಂದೇ ಕಥೆ: ನನ್ನ ದೊಡ್ಡ ಮಗಳು ಒಂದು ಹನಿ ರಕ್ತ ನೋಡಿ ಹನ್ನೊಂದು ವರ್ಷದ ಕಳ್ಳತನ ಹಿಡಿದಳು. ಹಾಗೆ ಹೇಳುತ್ತಾ ನನಗೆ ಮೆಲ್ಲಗೆ ಕಣ್ಣು ಮಿಟುಕಿಸುತ್ತಿದ್ದರು. ನಾನು ಜಾಡಿ ತೊಳೆಯಲು ಹೋಗುತ್ತಿದ್ದೆ.

ಮನೆಗೆ ಬಂದ ನಾಲ್ಕನೇ ದಿನ, ಅಕ್ಕ ಕೆಲಸಕ್ಕೆ ಹೋದ ಮೇಲೆ, ಅಪ್ಪ ಹೊಲಿಗೆ ಯಂತ್ರದ ಬಳಿ ಬಂದು ಕೂತರು. ಇನ್ನು ದಿನಾ ರಕ್ತ ತೆಗೆಯುವುದಿಲ್ಲ, ತಿಂಗಳಿಗೊಮ್ಮೆ ಅಷ್ಟೇ, ಒಂದೇ ಒಂದು ತಂದುಕೊಡು, ಅವಳ ರಕ್ತ ಪರೀಕ್ಷೆಯ ಯಂತ್ರಕ್ಕೆ ಗೊತ್ತಾಗುವುದಿಲ್ಲ ಎಂದರು. ಕೈ ಚಾಚಿದ್ದರು.

ಹೊಲಿಗೆ ನಿಲ್ಲಿಸಿದೆ.

"ಯಂತ್ರ ಅಲ್ಲಪ್ಪ. ನಾನೇ ಹೇಳಿದ್ದು."

ಚಾಚಿದ ಕೈಯನ್ನು ತಮ್ಮ ಮಂಡಿಯ ಮೇಲೆ ಇಟ್ಟುಕೊಂಡರು. ಬೈಯಲಿಲ್ಲ. ನಾನು ಬಿಸಿನೀರಿನ ಚೀಲ ತಂದು ಕೊಟ್ಟೆ. ಮುಖ ನೋಡದೆ ತೆಗೆದುಕೊಂಡು ಒಳಗೆ ಹೋದರು. ಮಧ್ಯಾಹ್ನ ಊಟಕ್ಕೆ ಕರೆದರೆ ಹ್ಞೂಂ ಎಂದರು, ಅಷ್ಟೇ.

ಮೂರು ಗಂಟೆಯ ಹೊತ್ತಿಗೆ ಒಳಗಿನಿಂದ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ತೀರಾ ಮೆಲ್ಲಗಿನ ದನಿ. ನಾನು ಪೆಡಲಿನಿಂದ ಕಾಲು ತೆಗೆದೆ.

"ಬರ್ತಾ ಒಂದೇ ಒಂದು ತಗೊಂಡ್ ಬಾ, ಡಾಕ್ಟ್ರಮ್ಮ. ಗುಬ್ಬಿಗೆ ಹೇಳ್ಬೇಡ."

ಅಕ್ಕ ತರುವುದಿಲ್ಲ ಎಂದು ನನಗೆ ಗೊತ್ತು. ಫೋನಿನಲ್ಲೇ ಗದರಿಸಿರುತ್ತಾಳೆ. ಆದರೂ ಆ ಕೊನೆಯ ಮಾತು ಇಷ್ಟು ವರ್ಷ ನನ್ನ ಕಿವಿಗೆ ಮಾತ್ರ ಬೀಳುತ್ತಿದ್ದ ಮಾತು. ಗುಂಡಿ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ಬಿಳಿ ಗುಂಡಿ ಒಂದು ಕಡೆ, ನೀಲಿ ಒಂದು ಕಡೆ ಬೇರೆ ಮಾಡುತ್ತಾ ಕೂತೆ. ಸಂಜೆ ಅಕ್ಕ ಬಂದು ಚಪ್ಪಲಿ ಬಿಟ್ಟಳು. ನಾನು ಮೊದಲು ನೋಡಿದ್ದು ಅವಳ ಕೈಚೀಲವನ್ನು.